ಬ್ಲೂಖರ್ ಎಷ್ಟು ಗಂಟೆಗೆ ಬಂದ?

ಹೋದ ಸೆಮಿಸ್ಟರ್ ಹಾಸ್ಟೆಲ್ ಟೇಬಲ್ ಮೇಲೆ ವಾಟರ್ಲೂ ಕದನದ ವಾರ್‌ಗೇಮ್ ಹೂಡಿದ್ವಿ. ಕೈಲಿದ್ದದ್ದು ಇಂಗ್ಲಿಷರೊಬ್ಬರು ಬರೆದ ಒಂದೇ ಪುಸ್ತಕ. ವೆಲಿಂಗ್ಟನ್ ಸಾಹಸ ಪುಟಗಟ್ಟಲೆ. ಬ್ಲೂಖರನ ಪ್ರಷ್ಯನ್ ಸೈನ್ಯ ಮಾತ್ರ ಊಟದ ಹೊತ್ತಿಗೆ ಬರೋ ನೆಂಟರ ಹಾಗೆ ಕೊನೆಗೆ ಬಂತು. ಹಾಗೇ ಆಡಿದ್ವಿ, ಮೂರು ಸಲವೂ ನೆಪೋಲಿಯನ್ನೇ ಗೆದ್ದ!

ನಿಜವಾಗಿ 1815ರ ಜೂನ್ 18ರಂದು ಸಂಜೆ ನಾಲ್ಕೂವರೆ ಹೊತ್ತಿಗೇ ಪ್ರಷ್ಯನ್ನರು ಫ್ರೆಂಚರ ಬಲಬದಿಗೆ ನುಗ್ಗಿದ್ದರು. ಅವರನ್ನು ತಡೆಯೋಕೆ ನೆಪೋಲಿಯನ್ ಯಂಗ್ ಗಾರ್ಡ್ ಪಡೆಯನ್ನೂ ಆ ಕಡೆ ಕಳಿಸಬೇಕಾಯ್ತು. ನಮ್ಮ ಆಟದಲ್ಲಿ ಅದೆಲ್ಲ ವೆಲಿಂಗ್ಟನ್ ಮೇಲೇ ಬಿತ್ತು.

ಈ ಪಕ್ಷಪಾತ ಹಳೇದು. ಸಿಬೋರ್ನ್ ಎಂಬ ಬ್ರಿಟಿಷ್ ಅಧಿಕಾರಿ, ಕಾದಾಡಿ ಬದುಕುಳಿದವರಿಗೆ ಪತ್ರ ಬರೆದು ವಿವರ ಕೇಳಿ, ಆ ರಣರಂಗದ ದೊಡ್ಡ ಮಾದರಿ ಕಟ್ಟಿದ. 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನ. ಪ್ರಷ್ಯನ್ನರು ಜಾಸ್ತಿಯಾದರು ಅಂತ ತಕರಾರು ಬಂದು, ಕೊನೆಗೆ ಆ ಬೊಂಬೆಗಳನ್ನೇ ಕಿತ್ತ.

ಹಾಗಾಗಿ ಕಥೆಯ ಸೊಗಸಿಗೆ ಮರುಳಾಗದೆ ಪುಸ್ತಕದ ಹಿಂದಿನ ಪುಟ ಮೊದಲು ತಿರುಗಿಸಿ. ಯಾವ ದಳದಲ್ಲಿ ಎಷ್ಟು ಬೆಟಾಲಿಯನ್, ಯಾರು ಎಷ್ಟು ಗಂಟೆಗೆ ಎಲ್ಲಿದ್ದರು, ಲೇಖಕರು ಜರ್ಮನ್, ಫ್ರೆಂಚ್ ದಾಖಲೆ ಓದಿದ್ದಾರಾ? ಚಾಂಡ್ಲರ್ 1966ರಲ್ಲಿ ಬರೆದ ‘ದಿ ಕ್ಯಾಂಪೇನ್ಸ್ ಆಫ್ ನೆಪೋಲಿಯನ್’ ಶುರುಮಾಡೋಕೆ ಒಳ್ಳೇದು, ಸಾವಿರ ಪುಟ ನೋಡಿ ಹೆದರಬೇಡಿ. ನಕ್ಷೆಗೆ ಎಸ್ಪೊಸಿಟೊ ಮತ್ತು ಎಲ್ಟಿಂಗ್ ಅವರ ಅಟ್ಲಾಸ್. ಎರಡನ್ನೂ ಲೈಬ್ರರಿಗೆ ತರಿಸಿ ಅಂತ ಅರ್ಜಿ ಕೊಟ್ಟಿದ್ದೀವಿ, ನೀವೂ ಸಹಿ ಹಾಕಿ.