ಖಾನಾವಳಿಯ ಫಲಕವೂ ತೆರಿಗೆಯ ಲೆಕ್ಕವೂ

ಸಿಮೆಂಟ್ ಕಾರ್ಖಾನೆಗಳ ಹಾಗೂ ವಾಡಿ ರೈಲು ಜಂಕ್ಷನ್ನಿನ ದೆಸೆಯಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಸೀಮೆಗೆ ಹೊರರಾಜ್ಯಗಳ ನೌಕರರು, ಲಾರಿ ಚಾಲಕರು, ಗುತ್ತಿಗೆದಾರರು ಬಂದು ನೆಲೆಸಿ ದಶಕಗಳೇ ಸಂದಿವೆ. ಜೋಳದ ರೊಟ್ಟಿ, ಪುಂಡಿಪಲ್ಯದ ಖಾನಾವಳಿಯ ಮಗ್ಗುಲಲ್ಲಿ ಚೈನೀಸ್ ಫಲಕ ಕಾಣುವುದು ಹೊಸ ಸಂಗತಿಯಲ್ಲ. ಪಿಜ್ಜಾ, ಪಾಸ್ತಾ, ಅರಬ್ಬರ ಮಂದಿ, ಟಿಬೆಟಿನ ಮೊಮೊ ಎಲ್ಲವನ್ನೂ ಒಂದೇ ಸೂರಿನಡಿ ಬಡಿಸುವ ಹಂಬಲ ಯುವ ಉದ್ಯಮಿಗಳಲ್ಲಿ ಮೂಡುವುದು ಸಹಜ. ಹಂಬಲ ತಪ್ಪಲ್ಲ, ಆದರೆ ಪಟ್ಟಿ ಉದ್ದವಾದಷ್ಟೂ ಲಾಭ ಹೆಚ್ಚೆಂಬ ಎಣಿಕೆ ಲೆಕ್ಕಪತ್ರದ ಮುಂದೆ ನಿಲ್ಲುವುದಿಲ್ಲ.

2017ರ ನವೆಂಬರ್ 15ರಿಂದ ಸಾಮಾನ್ಯ ಉಪಾಹಾರಗೃಹಗಳಿಗೆ ಜಿಎಸ್‌ಟಿ ಶೇ. 5 ಮಾತ್ರ. ಗ್ರಾಹಕನಿಗೆ ಇದು ಹಗುರ. ಮಾಲೀಕನಿಗೆ ಅಷ್ಟು ಹಗುರವಲ್ಲ, ಏಕೆಂದರೆ ಖರೀದಿಯ ಮೇಲೆ ತೆತ್ತ ತೆರಿಗೆಯ ಜಮೆ ಆತನಿಗೆ ದೊರೆಯುವುದಿಲ್ಲ. ಉದಾಹರಣೆಗೆ 4,00,000 ರೂಪಾಯಿಗಳ ಓವನ್, ಫ್ರೀಜರ್‌ಗಳನ್ನು ಕೊಂಡರೆ ಶೇ. 18ರಂತೆ 72,000 ರೂಪಾಯಿ ನೇರವಾಗಿ ವೆಚ್ಚಕ್ಕೆ ಸೇರುತ್ತದೆ. ತಿಂಗಳಿಗೆ 25,000 ರೂಪಾಯಿ ಬಾಡಿಗೆಯಾದರೆ ವರ್ಷಕ್ಕೆ ಮತ್ತೆ 54,000 ರೂಪಾಯಿ. ಮಳಿಗೆಯ ಒಡೆಯ ನೋಂದಣಿ ಮಾಡಿಸಿಲ್ಲವೆಂದು ನಿರಾಳವಾಗಿರುವಂತಿಲ್ಲ. 2024ರ ಅಕ್ಟೋಬರ್ 10ರಿಂದ ರಿವರ್ಸ್ ಚಾರ್ಜ್ ನಿಯಮದನ್ವಯ ನೋಂದಾಯಿತ ಬಾಡಿಗೆದಾರನೇ ಅದನ್ನು ಕಟ್ಟತಕ್ಕದ್ದು. 2025ರ ಸೆಪ್ಟೆಂಬರ್ 22ರಿಂದ ಚೀಸ್, ಬೆಣ್ಣೆ, ಪಾಸ್ತಾ, ಸಾಸ್‌ಗಳ ತೆರಿಗೆ ಶೇ. 5ಕ್ಕೆ ಇಳಿದಿರುವುದು ಸಮಾಧಾನಕರ. ಆದರೂ ವಾರಕ್ಕೆರಡು ತಟ್ಟೆ ಹೋಗುವ ಭಕ್ಷ್ಯಕ್ಕೆಂದು ಹೈದರಾಬಾದಿನಿಂದ ತರಿಸಿದ ಚೀಸ್ ಕೆಟ್ಟರೆ ಆ ನಷ್ಟವನ್ನು ಯಾವ ಅಧಿಸೂಚನೆಯೂ ತುಂಬಿಕೊಡದು. ಈ ಭಾಗದ ಬೇಸಿಗೆಯಲ್ಲಿ ಕೆಲವು ತಾಸು ಕರೆಂಟು ಹೋದರೂ ಸಾಕು.

ಹೆಸರಷ್ಟೇ ವಿದೇಶಿಯಾದರೆ ಏನಾಗುತ್ತದೆಂಬುದಕ್ಕೆ ಗೋಬಿ ಮಂಚೂರಿ ಸಾಕ್ಷಿ. ಚೀನಾದ ಮಂಚೂರಿಯಾಕ್ಕೂ ಅದಕ್ಕೂ ನಂಟಿಲ್ಲ. ಮಂಚೂರಿಯನ್ ಎಂಬ ಭಕ್ಷ್ಯ 1970ರ ದಶಕದಲ್ಲಿ ಮುಂಬಯಿಯ ಬಾಣಸಿಗ ನೆಲ್ಸನ್ ವಾಂಗ್ ಅವರ ಕೈಯಲ್ಲಿ ಹುಟ್ಟಿತೆಂಬುದು ಪ್ರಚಲಿತ ಹೇಳಿಕೆ. ಕೆಂಪಾದಷ್ಟೂ ರುಚಿಯೆಂಬ ಭ್ರಮೆ ಬೆಳೆದು, 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವು ಅದಕ್ಕೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಬೇಕಾಯಿತು. ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದಿದ್ದವು.

ಇದಕ್ಕೆ ವ್ಯತಿರಿಕ್ತವಾಗಿ, 1960ರಲ್ಲಿ ಟಿಬೆಟನ್ ನಿರಾಶ್ರಿತರು ನೆಲೆಸಿದ ಬೈಲಕುಪ್ಪೆಯಲ್ಲಿ ಥುಕ್ಪಾ, ಮೊಮೊಗಳನ್ನು ಅವನ್ನುಂಡು ಬೆಳೆದವರೇ ಮಾಡುತ್ತಾರೆ. ಬೇಕಾಗುವುದು ಹಿಟ್ಟು, ತರಕಾರಿ, ಮಾಂಸ. ಯಾವ ಸಂತೆಯಲ್ಲಿಯೂ ಸಿಗುವ ಸಾಮಗ್ರಿ. ಅಡುಗೆ ಬಲ್ಲ ಕೈ ಇದ್ದು, ಸಾಮಗ್ರಿ ಹತ್ತಿರದಲ್ಲೇ ಸಿಗುವಂತಿದ್ದರೆ ಅಸಲಿ ರುಚಿ ದುಬಾರಿಯಲ್ಲ. ಅಂತಹ ಐದಾರು ಭಕ್ಷ್ಯಗಳನ್ನೇ ಆಯ್ದುಕೊಳ್ಳುವುದು ವಿವೇಕ. ಹಾಗೆ ನೋಡಿದರೆ ಪರದೇಶದ ರುಚಿಗಾಗಿ ಬಹುದೂರ ಹೋಗಬೇಕಿಲ್ಲ. 1347ರಲ್ಲಿ ಬಹಮನಿಗಳ ರಾಜಧಾನಿಯಾದ ಕಲಬುರಗಿಗೆ ಪರ್ಷಿಯಾದ ಪಂಡಿತರು, ವರ್ತಕರು ಬಂದರು; ಇಲ್ಲಿನ ತಹರಿ ಆ ಪುಲಾವಿನ ಬಳಗದ್ದೇ. ಅದನ್ನು ಶುಚಿಯಾಗಿ, ಹದವಾಗಿ ಬಡಿಸುವವನಿಗೆ ವಾಡಿ ನಿಲ್ದಾಣದ ಎದುರು ಗಿರಾಕಿಗಳ ಕೊರತೆಯಾಗದು.

ಹೊಸದಾಗಿ ಆರಂಭಿಸುವವರು ಗಮನಿಸತಕ್ಕ ಅಂಶಗಳೂ ಇವೆ. ಅಡುಗೆ ಮಾಡಿ ಬಡಿಸುವುದು ಕಾನೂನಿನ ದೃಷ್ಟಿಯಲ್ಲಿ ಸೇವೆ. ಆದ್ದರಿಂದ ನೋಂದಣಿಯ ಮಿತಿ ಕಿರಾಣಿ ಅಂಗಡಿಯ 40 ಲಕ್ಷವಲ್ಲ, 20 ಲಕ್ಷ ರೂಪಾಯಿ. ಮದ್ಯ ಪೂರೈಸದ, ವಾರ್ಷಿಕ 1.5 ಕೋಟಿ ರೂಪಾಯಿವರೆಗಿನ ವಹಿವಾಟಿನ ಖಾನಾವಳಿಯು ಕಾಂಪೋಸಿಷನ್ ಪದ್ಧತಿಗೆ ಒಳಪಡಬಹುದು. ಬಾಡಿಗೆಯ ಮೇಲಿನ ರಿವರ್ಸ್ ಚಾರ್ಜ್‌ನಿಂದ ಅದಕ್ಕೆ 2025ರ ಜನವರಿಯಲ್ಲಿ ವಿನಾಯಿತಿಯೂ ದೊರೆತಿದೆ. ಆದರೆ ಶೇ. 5ರ ತೆರಿಗೆಯನ್ನು ಗ್ರಾಹಕನ ಬಿಲ್ಲಿಗೆ ಸೇರಿಸುವಂತಿಲ್ಲ, ಸ್ವಂತ ಕಿಸೆಯಿಂದಲೇ ತೆರಬೇಕು. ಅಂತರರಾಜ್ಯ ಪೂರೈಕೆಗೂ ಆಸ್ಪದವಿಲ್ಲ. ಸೇಡಂ, ಚಿಂಚೋಳಿಯ ಮಾಲೀಕರು ಗಡಿ ದಾಟಿ ತೆಲಂಗಾಣದ ತಾಂಡೂರಿನ ಮದುವೆಗೆ ಅಡುಗೆಯ ಗುತ್ತಿಗೆ ಹಿಡಿಯುವ ಮುನ್ನ ತಮ್ಮ ಲೆಕ್ಕಪರಿಶೋಧಕರನ್ನು ಕೇಳುವುದೊಳಿತು. ಅಂತಹ ಒಂದೇ ಮದುವೆಯಿಂದಲೂ ಕಾಂಪೋಸಿಷನ್ ಸೌಲಭ್ಯ ಕೈತಪ್ಪಬಹುದು.