ಮುಳ್ಳುಚಮಚವೂ ಬಾಳೆಯೆಲೆಯೂ

ಊಟ ಮಾಡುವುದನ್ನು ಯಾರಾದರೂ ಕಲಿಸಬೇಕೆ? ಹಸಿವೆಯೇ ಅದಕ್ಕೆ ಗುರುವೆಂದು ನಾನು ಬಹುಕಾಲ ನಂಬಿದ್ದೆ. ಕಳೆದ ವರ್ಷ ಉದ್ಯೋಗಾರ್ಥಿಗಳಿಗಾಗಿ ನಡೆದ ಒಂದು ಶಿಬಿರದಲ್ಲಿ ಆ ನಂಬಿಕೆ ಕಳಚಿಬಿತ್ತು. ಸಮಾರೋಪದ ದಿನ ಮೇಜಿನೂಟ. ತಟ್ಟೆಯ ಎಡಕ್ಕೆ ಎರಡು ಮುಳ್ಳುಚಮಚ, ಬಲಕ್ಕೆ ಚಾಕು ಮತ್ತು ಚಮಚ. ಸೊರಬದ ಕಡೆಯ ಹಳ್ಳಿಯಿಂದ ಬಸ್ಸು ಹತ್ತಿ ಶಿಕಾರಿಪುರಕ್ಕೆ ಬಂದು ಓದುವ ನಾನು, ಹೆಚ್ಚಿದ ಸೌತೆಕಾಯಿ ಮುಂದೆ ಬಂದೊಡನೆ ದೊಡ್ಡ ಮುಳ್ಳುಚಮಚಕ್ಕೆ ಕೈಹಾಕಿದೆ. “ಅದು ಸಲಾಡಿಗಲ್ಲ” ಎಂದರು ತರಬೇತಿ ಕೊಡಲು ಬಂದವರು. ಮೇಜಿನ ಸುತ್ತಲೂ ನಗೆ ಹರಡಿತು. ಸೌತೆಕಾಯಿಯೇನೋ ನಮ್ಮ ಹಿತ್ತಲಲ್ಲಿ ಬೆಳೆಯುವಂಥದೇ. ಆದರೂ ಆ ದಿನ ಗಂಟಲಲ್ಲಿ ಇಳಿಯಲಿಲ್ಲ.

ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಈ ಮುಳ್ಳುಚಮಚದ ಪೂರ್ವೋತ್ತರವನ್ನು ಹುಡುಕಿ ಓದಿದೆ. ಅದು ಇಂಗ್ಲೆಂಡಿಗೂ ಹೊರಗಿನಿಂದ ಬಂದ ವಸ್ತು! ಥಾಮಸ್ ಕೊರಿಯಟ್ ಎಂಬ ಪ್ರವಾಸಿ 1608ರಲ್ಲಿ ಇಟಲಿಯಲ್ಲಿ ಅದನ್ನು ಕಂಡು, ತಾನೂ ರೂಢಿಸಿಕೊಂಡು, 1611ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಬರೆದ. ಗೆಳೆಯರು ಅವನನ್ನು ಗೇಲಿ ಮಾಡಿದರು. ಅಂದು ಮುಳ್ಳುಚಮಚ ಹಿಡಿದವನು ನಗೆಗೀಡಾದ. ಇಂದು ಹಿಡಿಯಲರಿಯದವನು ನಗೆಗೀಡಾಗುತ್ತಾನೆ. ನಗುವ ಜನ ಮಾತ್ರ ಎಲ್ಲ ಕಾಲದಲ್ಲಿಯೂ ಇದ್ದೇ ಇದ್ದಾರೆ.

ಸಲಾಡಿಗೇ ಮೀಸಲಾದ ಚಿಕ್ಕ ಮುಳ್ಳುಚಮಚವಂತೂ 19ನೆಯ ಶತಮಾನದ ಕೂಸು. ಅದಕ್ಕೆ ಮುಂಚೆ ಯೂರೋಪಿನ ಸಿರಿವಂತರ ಮೇಜಿನ ಮೇಲೂ ಹಲವು ಭಕ್ಷ್ಯಗಳನ್ನು ಒಟ್ಟಿಗೇ ತಂದಿಡುತ್ತಿದ್ದರು. ಆ ಶತಮಾನದಲ್ಲಿ ಒಂದಾದ ಮೇಲೊಂದರಂತೆ ಬಡಿಸುವ ರಷ್ಯನ್ ಪದ್ಧತಿ ಹಬ್ಬಿತು. ಕಾರ್ಖಾನೆಗಳೂ ಬೆಳ್ಳಿಲೇಪದ ಸಾಮಾನುಗಳನ್ನು ಹೇರಳವಾಗಿ ಮಾಡತೊಡಗಿದವು. ಬಗೆಬಗೆಯ ಭಕ್ಷ್ಯಕ್ಕೆ ಬಗೆಬಗೆಯ ಸಾಧನ ಹುಟ್ಟಿಕೊಂಡಿತು. ನಿಯಮವಾದರೋ ಸುಲಭ: ಹೊರಗಿನಿಂದ ಒಳಕ್ಕೆ ಬಳಸುತ್ತ ಹೋಗಬೇಕು. ಸಲಾಡು ಮೊದಲು ಬರುವುದಾದರೆ ಅದರ ಮುಳ್ಳುಚಮಚ ಎಡದ ಹೊರತುದಿಯಲ್ಲಿರುತ್ತದೆ. ಫ್ರೆಂಚರ ರೂಢಿಯಂತೆ ಮುಖ್ಯ ಭಕ್ಷ್ಯದ ತರುವಾಯ ಬರುವುದಾದರೆ ತಟ್ಟೆಯ ಮಗ್ಗುಲಲ್ಲಿರುತ್ತದೆ. ಇಷ್ಟೇ! ಎರಡು ನಿಮಿಷದ ಪಾಠ. ಇದಕ್ಕಾಗಿ ಒಬ್ಬ ಹುಡುಗ ರಾತ್ರಿಯೆಲ್ಲ ನಿದ್ದೆಗೆಡಬೇಕೆ?

ಆಗ ನನಗೆ ನಮ್ಮ ಬಾಳೆಯೆಲೆ ನೆನಪಾಯಿತು. ನಮ್ಮ ಸಲಾಡೆಂದರೆ ಕೋಸಂಬರಿಯಲ್ಲವೆ? ನೆನೆಸಿದ ಹೆಸರುಬೇಳೆ, ಸೌತೆಕಾಯಿ, ತೆಂಗಿನತುರಿ, ಮೇಲೊಂದು ಸಾಸುವೆಯ ಒಗ್ಗರಣೆ. ಅದಕ್ಕೂ ಎಲೆಯ ಮೇಲುಭಾಗದಲ್ಲಿ, ಉಪ್ಪು-ಪಲ್ಯಗಳ ಸಾಲಿನಲ್ಲಿ, ಗೊತ್ತಾದ ಜಾಗವುಂಟು. ಎಲೆಯ ತುದಿ ಉಣ್ಣುವವನ ಎಡಕ್ಕಿರಬೇಕು. ಅಗಲವಾದ ಭಾಗ ಬಲಗೈಗೆ ಸಿಕ್ಕಬೇಕು. ನಿಯಮಕ್ಕೆ ಕಾರಣವಿದೆ, ಕಾರಣ ತಿಳಿದರೆ ಅಂಜಿಕೆಯಿಲ್ಲ.

ಇಲ್ಲಿಯವರೆಗೆ ಬರೆದು ನಿಲ್ಲಿಸಿದ್ದರೆ ನಾನು ಸುಖವಾಗಿರುತ್ತಿದ್ದೆ. ಆದರೆ ಒಂದು ಸಂಗತಿಯನ್ನು ಮುಚ್ಚಿಡಲಾರೆ. ಎರಡು ವರ್ಷದ ಕೆಳಗೆ ನಮ್ಮಕ್ಕನ ಮದುವೆಗೆ ಬಯಲುಸೀಮೆಯ ಸಹಪಾಠಿಯೊಬ್ಬನನ್ನು ಕರೆದೊಯ್ದಿದ್ದೆ. ತಟ್ಟೆಯಲ್ಲಿ ರೊಟ್ಟಿ ಉಂಡು ಬೆಳೆದವನು. ಕೈಗೆ ಕೊಟ್ಟ ಎಲೆಯನ್ನು ತುದಿ ಬಲಕ್ಕೆ ಮಾಡಿ ಹಾಸಿಕೊಂಡ. ಪಂಕ್ತಿಯೆಲ್ಲ ನಕ್ಕಿತು; ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ನಾನು. ಅವನು ತಲೆಯೆತ್ತದೆ ಉಂಡೆದ್ದ. ಶಿಬಿರದ ಮೇಜಿನ ಮುಂದೆ ನಾನೂ ಹಾಗೆಯೇ ಉಂಡಾಗ ಅವನ ಬಗ್ಗಿದ ತಲೆ ಕಣ್ಣಿಗೆ ಕಟ್ಟಿತು.

ನನ್ನಜ್ಜ ಗೇಣಿದಾರನಾಗಿದ್ದ. ಒಡೆಯರ ಮನೆಯ ಹಬ್ಬದಲ್ಲಿ ಒಳಗಿನ ಪಂಕ್ತಿ ಎದ್ದಮೇಲೆ ಅಂಗಳದಲ್ಲಿ ಅವನ ಎಲೆ. ಎಲೆಯ ತುದಿ ಯಾವ ಕಡೆಗೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ತಿಳಿವು ಅವನನ್ನು ಹೊಸಿಲು ದಾಟಿಸಲಿಲ್ಲ. 1974ರ ಭೂಸುಧಾರಣಾ ತಿದ್ದುಪಡಿಯಿಂದ ಉತ್ತ ನೆಲ ಅವನದಾಯಿತು; ಅದರ ಅನ್ನವುಂಡು ನಾನು ನಮ್ಮ ಮನೆಯ ಮೊದಲ ಬಿ.ಎ. ಆಗಲಿದ್ದೇನೆ. ಹೊರಗಿಡಬೇಕೆಂದು ನಿಶ್ಚಯಿಸಿದವರಿಗೆ ನೆಪ ಯಾವುದಾದರೇನು, ಎಲೆಯಾದರೂ ಆದೀತು, ಚಮಚವಾದರೂ ಆದೀತು. ಅಲ್ಲಮಪ್ರಭುವಿನ ಬಳ್ಳಿಗಾವೆ, ಅಕ್ಕಮಹಾದೇವಿಯ ಉಡುತಡಿ ಇರುವ ತಾಲ್ಲೂಕಿನಲ್ಲಿ ಓದುವ ನಮಗೆ ಇದನ್ನು ಬೇರೊಬ್ಬರು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಶಿಷ್ಟಾಚಾರವೇ ಬೇಡವೆ ಎಂದು ಗುರುಗಳು ಕೇಳಬಹುದು. ಬೇಕು. ಪಕ್ಕದವನಿಗೆ ಬಡಿಸುವ ತನಕ ಕಾಯುವುದು, ಅನ್ನ ಚೆಲ್ಲದಿರುವುದು, ಬಡಿಸಿದವರನ್ನು ಆದರಿಸುವುದು, ಇವು ಶಿಷ್ಟಾಚಾರ. ಯಾವ ಚಮಚ ಯಾವುದಕ್ಕೆಂಬುದು ಬರಿಯ ತಿಳಿವಳಿಕೆ, ಬಸ್ಸಿನ ವೇಳಾಪಟ್ಟಿಯಂತೆ. ಗೊತ್ತಿಲ್ಲದವನಿಗೆ ಗೊತ್ತಿದ್ದವನು ಹೇಳಿದರಾಯಿತು. ನಾವು ಅದನ್ನು ತಿರಸ್ಕರಿಸುವುದೂ ಬೇಡ, ಅದಕ್ಕೆ ಕುಗ್ಗುವುದೂ ಬೇಡ. ಸಂದರ್ಶನಕ್ಕೆ ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ಕಾಲೇಜಿನಲ್ಲೇ ಒಂದು ಗಂಟೆ ಇದನ್ನು ಕಲಿಸಲಿ. ವಾರ್ಷಿಕೋತ್ಸವದ ದಿನ ಗುರುಗಳು, ವಿದ್ಯಾರ್ಥಿಗಳು, ಜವಾನರು, ಕಸ ಗುಡಿಸುವವರು ಎಲ್ಲರೂ ಒಂದೇ ಪಂಕ್ತಿಯಲ್ಲಿ ಎಲೆ ಹಾಸಿ ಕೂರಲಿ. ಎರಡೂ ಪಾಠಗಳು ಬೇಕು.

ನನ್ನ ಆ ಗೆಳೆಯ ಈ ಸಂಚಿಕೆಯನ್ನು ಓದುತ್ತಾನೆ. ಅವನಲ್ಲಿ ನಾನಿನ್ನೂ ಕ್ಷಮೆ ಕೇಳಿಲ್ಲ. ಆ ದಿನ ಪಂಕ್ತಿಯಲ್ಲಿ ನಗುವ ಬದಲು ಅವನ ಎಲೆಯನ್ನು ಮೆಲ್ಲನೆ ತಿರುಗಿಸಿಟ್ಟಿದ್ದರೆ ಸಾಕಾಗಿತ್ತು.