ಮೂಗುದಾರ ಯಾರ ಮೂಗಿಗೆ?

ಪತ್ರಿಕೆಗಳು ಕೆಟ್ಟಿವೆ, ಸರ್ಕಾರ ಮೂಗುದಾರ ಹಾಕಬೇಕು ಅಂತ ತಿಪಟೂರಿನ ಹೋಟೆಲುಗಳಲ್ಲೂ ಮಾತು ಕೇಳುತ್ತೇವೆ. ಕೆಟ್ಟಿರುವುದು ನಿಜ. ಆದರೆ ಬಂಧುಗಳೇ, ಸರ್ಕಾರದ ಹಗ್ಗ ಮೊದಲು ಬೀಳುವುದು ಬಡ ಎತ್ತಿನ ಮೂಗಿಗೇ. 1867ರ ಪ್ರೆಸ್ ಕಾಯ್ದೆ ಸೈಕ್ಲೋಸ್ಟೈಲನ್ನೂ ಮುದ್ರಣ ಅಂತಲೇ ಎಣಿಸುತ್ತಿತ್ತು. ಕೈಗೆ ಮಸಿ ಮಾಡಿಕೊಂಡು ನಾವು ಉರುಳಿಸುವ ಇಂಥ ಹಾಳೆಯೂ ಕಾನೂನಿನ ಕಣ್ಣಿಗೆ ಕಾಣುವಷ್ಟು ದೊಡ್ಡದು! ಆ ಕಾಯ್ದೆ ಹೋಗಿ 2024ರ ಮಾರ್ಚಿನಿಂದ ಹೊಸದು ಬಂದಿದೆ. ಲಕ್ಷ ಪ್ರತಿ ಮಾರುವ ಪತ್ರಿಕೆಯಲ್ಲಿ ಕೇರಿಯವರ ಮಾತಿಗೆ ಜಾಗ ಎಲ್ಲಿ ಅಂತ ಎರಡೂ ಕೇಳುವುದಿಲ್ಲ.

ಬೂಸಾ ಗಲಾಟೆ ನೆನೆಯಿರಿ. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ 'ಬೂಸಾ' ಅನ್ನುವ ಮಾತಾಡಿದರು. ದಿನಾ ದನಕ್ಕೆ ಬೂಸಾ, ಹಿಂಡಿ ಕಲಸಿ ಇಡುವ ನಮಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಿರುಳೆಷ್ಟು, ಹೊಟ್ಟೆಷ್ಟು ಅನ್ನುವ ಪ್ರಶ್ನೆ ಅದು. ಆ ಸಾಹಿತ್ಯದೊಳಗೆ ಅಸ್ಪೃಶ್ಯ ಎಲ್ಲಿದ್ದಾನೆ ಅಂತ ಚರ್ಚೆ ಆಗಬೇಕಿತ್ತು. ಆದದ್ದೇನು? ಒಂದು ಪದ ಉಳಿಯಿತು, ಪ್ರಶ್ನೆ ಕಳೆಯಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾಯಿತು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ಮಂತ್ರಿ ಕುರ್ಚಿ ಬಿಡಬೇಕಾಯಿತು.

ಆಗ ಪ್ರೆಸ್ ಕೌನ್ಸಿಲ್ ಇರಲಿಲ್ಲವೇ? 1966ರಿಂದಲೇ ಇತ್ತು. ತುರ್ತುಪರಿಸ್ಥಿತಿಯಲ್ಲಿ ಅದನ್ನು ಮುಚ್ಚಿದರು, 1978ರ ಕಾಯ್ದೆಯಿಂದ ಮತ್ತೆ ತೆರೆದರು. ಪತ್ರಿಕೆಗೆ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು, ಅಷ್ಟೇ ಅದರ ಕೈಲಾಗುವುದು. ಅಧ್ಯಕ್ಷರಲ್ಲದೆ 28 ಸದಸ್ಯರು. ಸಂಪಾದಕರು, ಪತ್ರಕರ್ತರು, ಮಾಲೀಕರು, ಎಂಪಿಗಳು, ಎಲ್ಲರಿಗೂ ಲೆಕ್ಕ ಹಾಕಿ ಜಾಗ ಇಟ್ಟಿದ್ದಾರೆ. ಸಾಹಿತ್ಯ ಅಕಾಡೆಮಿಗೂ ಒಂದು ಮಣೆ ಇದೆ. ಕೇರಿಗೆ ಅಂತ ಇಲ್ಲ.

ಪತ್ರಿಕಾಲಯದೊಳಗೂ ಅದೇ ಕಥೆ. 1996ರಲ್ಲಿ ಬಿ. ಎನ್. ಉನಿಯಾಲ್ ಎಂಬ ಪತ್ರಕರ್ತರು ದೆಹಲಿಯಲ್ಲಿ ಒಬ್ಬ ದಲಿತ ಪತ್ರಕರ್ತನನ್ನು ಹುಡುಕಿಕೊಂಡು ಹೊರಟರು. ಸಿಗಲಿಲ್ಲ ಅಂತಲೇ ಬರೆದರು.

ದೆಹಲಿ ದೂರವಾಯಿತೇ? ಇಲ್ಲೇ ನೋಡಿ. ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ರೇಟು ಬಿದ್ದರೆ ದೊಡ್ಡ ಸುದ್ದಿ. ಬರಲಿ, ಬೇಡ ಅನ್ನುವುದಿಲ್ಲ. ನಾಲ್ಕು ಮರ ಇರುವವರು ನಮ್ಮಲ್ಲೂ ಇದ್ದಾರೆ. ಆದರೆ ಕಾಯಿ ಕೀಳುವವನ, ಸುಲಿಯುವವನ, ಕೊಬ್ಬರಿ ಆರಿಸುವ ಹೆಂಗಸಿನ ಕೂಲಿ ರೇಟನ್ನು ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರು ಯಾವ ಪುಟದಲ್ಲಿ ಓದಿದ್ದೀರಿ? ಮರದಿಂದ ಬಿದ್ದು ಸತ್ತರೆ ಎರಡು ಸಾಲು.

ನಮಗೆ ಹಗ್ಗ ಬೇಡ, ಕುರ್ಚಿ ಬೇಕು: ಕೌನ್ಸಿಲಿನಲ್ಲೂ, ಸುದ್ದಿ ಬರೆಯುವ ಮೇಜಿನಲ್ಲೂ. ಕೇರಿಯ ಬಗ್ಗೆ ಸುಳ್ಳು ಬರೆದರೆ ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ನಮ್ಮ ಉತ್ತರ ಬರಬೇಕು. ಮೂರೂ ತಾಲ್ಲೂಕಿನ ಗೆಳೆಯರು ಮುಂದಿನ ಸಭೆಯೊಳಗೆ ಇದನ್ನು ಬರೆದು, ಸಹಿ ಮಾಡಿಸಿ ತನ್ನಿ.